ಒಂದು ಸ್ಪೋಕ್ ಗಾಡಿ, ಒಂದು ಅಲಾಯ್ ಗಾಡಿ, ಒಂಬತ್ತು ದಿನದ ಕಲ್ಲುದಾರಿ

ಹೊರಟಿದ್ದು ಇಬ್ಬರು, ಎರಡು ಬೈಕಿನಲ್ಲಿ. ನನ್ನದು ಸ್ಪೋಕ್ ಚಕ್ರದ ಗಾಡಿ, ಒಳಗೆ ಟ್ಯೂಬ್. ಮುಂದೆ 21 ಇಂಚು, ಹಿಂದೆ 18. ಗೆಳೆಯನದು ಅಲಾಯ್, ಟ್ಯೂಬ್‌ಲೆಸ್. ಮುಂದೆ 19, ಹಿಂದೆ 17. ಒಂಬತ್ತು ದಿನ, ಸುಮಾರು 2,000 ಕಿ.ಮೀ. ಅದರಲ್ಲಿ ಮುಕ್ಕಾಲು ಪಾಲು ಡಾಂಬರು. ಉಳಿದದ್ದು ಜಲ್ಲಿ, ಒಣಗಿದ ಹೊಳೆಯ ಪಾತ್ರ, ಬೆಟ್ಟದ ಕಲ್ಲುದಾರಿ, ನಡುವೆ ಎರಡು ಮೂರು ಕಡೆ ಮೊಣಕಾಲುದ್ದ ನೀರು. ಇಂಥ ದಾರಿಗೆ ಗಾಡಿ ಹುಡುಕುವವರು ಮೊದಲು ಕೇಳುವುದೇ ಸ್ಪೋಕಾ, ಅಲಾಯಾ ಅಂತ. ನಾವೂ ಹೊರಡುವ ಹಿಂದಿನ ರಾತ್ರಿವರೆಗೂ ಅದೇ ಜಗಳ ಆಡಿದ್ದೆವು. ವಾಪಸ್ ಬರುವಷ್ಟರಲ್ಲಿ ಇಬ್ಬರ ಮಾತೂ ಅರ್ಧರ್ಧ ಸುಳ್ಳಾಗಿತ್ತು.

ಅಂದ ಹಾಗೆ ಅಲಾಯ್ ಅನ್ನುವ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಒಳ್ಳೆಯ ಸ್ಪೋಕ್ ಚಕ್ರದ ರಿಮ್ ಕೂಡ ಅಲ್ಯೂಮಿನಿಯಂ ಮಿಶ್ರಲೋಹವೇ. ನಾವು ಅಲಾಯ್ ಅನ್ನುವುದು ಅಚ್ಚಿಗೆ ಎರಕ ಹೊಯ್ದು, ನಡುವಿನ ಹಬ್, ಕಡ್ಡಿ, ಹೊರಗಿನ ರಿಮ್ ಎಲ್ಲ ಒಂದೇ ತುಂಡಾಗಿ ಮಾಡಿದ ಚಕ್ರಕ್ಕೆ. ಬಾಯಿಗೆ ಬಂದ ಹೆಸರು, ನಾನೂ ಹಾಗೇ ಬರೆಯುತ್ತೇನೆ.

ಎರಡನೇ ದಿನ ಡಾಂಬರಿನ ಮೇಲೆಯೇ ಅವನ ಹಿಂದಿನ ಟಯರಿಗೆ ಮೊಳೆ. ಗಾಡಿ ಓಡುತ್ತಲೇ ಇತ್ತು, ಗಾಳಿ ಮೆಲ್ಲಗೆ ಇಳಿಯುತ್ತಿತ್ತು. ಟೀ ಕುಡಿಯಲು ನಿಲ್ಲಿಸಿದಾಗಲೇ ಅವನಿಗೆ ಗೊತ್ತಾಗಿದ್ದು. ಚಕ್ರ ಬಿಚ್ಚಲಿಲ್ಲ. ಮೊಳೆ ಕಿತ್ತ, ಅರದಂಥ ಸೂಜಿಯಿಂದ ತೂತು ಉಜ್ಜಿದ, ಅಂಟಿನ ಪಟ್ಟಿ ತುರುಕಿದ, ಸಣ್ಣ ಪಂಪಿನಿಂದ ಗಾಳಿ ತುಂಬಿದ. ಟೀ ಆರುವ ಮೊದಲು ಕೆಲಸ ಮುಗಿದಿತ್ತು. ಆ ಪಟ್ಟಿ ಊರು ಸೇರುವವರೆಗೂ ಅಲ್ಲೇ ಇತ್ತು.

ಮಾರನೇ ದಿನ ನನ್ನ ಸರದಿ. ಟ್ಯೂಬಿಗೆ ಮೊಳೆ ಚುಚ್ಚಿದರೆ ಹೀಗೆ ಮೆಲ್ಲಗೆ ಇಳಿಯುವ ಗ್ಯಾರಂಟಿ ಇಲ್ಲ. ಟ್ಯೂಬ್ ಅಂದರೆ ಬಲೂನು, ತೂತು ಹರಿದು ದೊಡ್ಡದಾದರೆ ಗಾಳಿ ಒಮ್ಮೆಗೇ ಹೋಗುತ್ತದೆ. ಕಡ್ಡಿಗಳ ತೂತಿನಿಂದಲೂ ಹೊರಗೆ ಬರುತ್ತದೆ. ಹಿಂದಿನ ಚಕ್ರ ಆದ್ದರಿಂದ ಬಾಲ ಅಲ್ಲಾಡಿತು ಅಷ್ಟೇ, ಮುಂದಿನದಾಗಿದ್ದರೆ ಕಥೆ ಬೇರೆ. ಆಮೇಲೆ ಶುರುವಾಯಿತು ನೋಡಿ. ಸಾಮಾನು ಇಳಿಸು, ಆಕ್ಸಲ್ ಬಿಚ್ಚು, ಚೈನ್ ತೆಗೆ, ಟಯರಿನ ಬೀಡ್, ಅಂದರೆ ರಿಮ್‌ಗೆ ಕಚ್ಚಿ ಕೂರುವ ಅಂಚು, ಬಿಡಿಸು. ಬೀಡ್ ಬಿಡಿಸಲು ಗೆಳೆಯನ ಗಾಡಿಯ ಸೈಡ್ ಸ್ಟ್ಯಾಂಡನ್ನೇ ಟಯರಿನ ಮೇಲೆ ಒತ್ತಿದೆವು. ಇದು ಕಲಿತಿಟ್ಟುಕೊಳ್ಳಬೇಕಾದ ಉಪಾಯ, ಅವನ ಗಾಡಿಯ ಭಾರವೇ ಕೆಲಸ ಮಾಡುತ್ತದೆ. ಹೊಸ ಟ್ಯೂಬ್ ಹಾಕಿದೆ. ಟಯರಿನ ಅಂಚಿನ ಕೊನೆಯ ಅಂಗುಲ ಬಿಗಿಯಾಗಿತ್ತು, ಸಿಟ್ಟಿನಲ್ಲಿ ಟಯರ್ ಎಬ್ಬಿಸುವ ಲಿವರ್ ಹಾಕಿ ಎಳೆದೆ. ಗಾಳಿ ತುಂಬಿದರೆ ಸುಯ್ ಅಂತ ಶಬ್ದ. ಲಿವರಿನ ತುದಿಯೇ ಹೊಸ ಟ್ಯೂಬನ್ನು ಕಚ್ಚಿತ್ತು.

ತಪ್ಪು ನನ್ನದೇ. ಬಲ ಹಾಕಬೇಕಾದ ಜಾಗ ಅದಲ್ಲ. ಲಿವರ್ ಎಳೆಯುವ ಕಡೆಗೆ ಎದುರು ತುದಿಯಲ್ಲಿ ಟಯರಿನ ಅಂಚನ್ನು ಮಂಡಿಯಿಂದ ಒತ್ತಿ, ರಿಮ್‌ನ ನಡುವಿನ ತಗ್ಗಿಗೆ ಇಳಿಸಬೇಕು. ಆಗ ಈ ಕಡೆ ಸಡಿಲ ಸಿಗುತ್ತದೆ, ಕೊನೆಯ ಅಂಗುಲ ಸಲೀಸಾಗಿ ಒಳಗೆ ಹೋಗುತ್ತದೆ. ಬೀಡ್‌ಗೆ ಸೋಪು ನೀರು ಸವರಿ, ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿಕೊಂಡು ಹಾಕಿ. ಇದೆಲ್ಲ ಗೊತ್ತಿದ್ದೂ ಬಿಸಿಲಿನಲ್ಲಿ ಮರೆತಿದ್ದೆ. ಅವನ ಹತ್ತು ನಿಮಿಷದ ಮುಂದೆ ನನ್ನದು ಎರಡು ಗಂಟೆ. ಅವನು ಬಂಡೆಯ ಮೇಲೆ ಕೂತು, "ಏನೋ, ಸ್ಪೋಕ್ ಅಂದ್ರೆ ಗಟ್ಟಿ ಅಂತಿದ್ದೆ?" ಅಂತ ಒಂದೇ ಸಲ ಕೇಳಿದ. ಸಾಕಾಗಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಅಲಾಯ್ ಗೆದ್ದ ಹಾಗೆ. ಆದರೆ ಐದನೇ ದಿನ ಬಂತು.

ಬೆಳಿಗ್ಗೆ ಅವನು ಎರಡೂ ಟಯರುಗಳ ಗಾಳಿ ಇಳಿಸಿ 22 ಪಿಎಸ್‌ಐಗೆ ತಂದಿದ್ದ. ಜಲ್ಲಿಯಲ್ಲಿ ಗಾಳಿ ಕಡಿಮೆ ಇದ್ದರೆ ಹಿಡಿತ ಜಾಸ್ತಿ, ನಿಜವೇ. ಆದರೆ ಗಾಡಿಯೇ 200 ಕಿಲೋ ದಾಟಿದ್ದು, ಮೇಲೆ ಸಾಮಾನು. ದಾರಿಗೆ ಅಡ್ಡ ಬಿದ್ದ ನೆರಳಿನಲ್ಲಿ ಒಂದು ಚೂಪು ಕಲ್ಲು ಅಡಗಿತ್ತು. ವೇಗ ಸುಮಾರು 60. ಠಣ್ ಅಂದ ಶಬ್ದ ಹಿಂದೆ ಬರುತ್ತಿದ್ದ ನನಗೇ ಕೇಳಿಸಿತು. ಮುಂದಿನ ರಿಮ್‌ನ ತುಟಿ ಹೆಬ್ಬೆರಳಗಲ ನೆಗ್ಗಿ ಒಳಗೆ ಹೋಗಿತ್ತು. ಟಯರಿಗೆ ಏನೂ ಆಗಿರಲಿಲ್ಲ. ಆದರೆ ಬೀಡ್ ಕೂರುವ ಜಾಗವೇ ಸೊಟ್ಟಗಾದರೆ ಗಾಳಿ ಎಲ್ಲಿ ನಿಲ್ಲುತ್ತದೆ? ತುಂಬಿದಷ್ಟೂ ಹೊರಗೆ.

ಇದನ್ನು ಅಲಾಯ್‌ನ ತಪ್ಪು ಅಂತ ನಾನು ಹೇಳುವುದಿಲ್ಲ. ಗಾಳಿ ಕಡಿಮೆ, ಭಾರ ಜಾಸ್ತಿ, ವೇಗ ಜಾಸ್ತಿ. ಅದೇ ಕಲ್ಲಿಗೆ ಅದೇ ಗಾಳಿಯಲ್ಲಿ ನಾನು ಹೊಡೆದಿದ್ದರೆ ನನ್ನ ಟ್ಯೂಬ್ ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ, ಪಕ್ಕಪಕ್ಕ ಎರಡು ತೂತು ಬೀಳುತ್ತಿತ್ತು. ನಾನು ಆ ದಿನ 27ರಲ್ಲಿ ಓಡಿಸುತ್ತಿದ್ದೆ. ಸಾಮಾನು ಹೊತ್ತ ದೊಡ್ಡ ಗಾಡಿಯನ್ನು ಕಲ್ಲುದಾರಿಗೆ ಇಳಿಸುವಾಗ 25ಕ್ಕಿಂತ ಕೆಳಗೆ ಹೋಗಬೇಡಿ ಅನ್ನುವುದು ನನ್ನ ಸಲಹೆ, ಚಕ್ರ ಯಾವುದೇ ಇರಲಿ. ಬರೀ ಮರಳು, ನಿಧಾನ ಅಂದರೆ ಮಾತ್ರ ಇನ್ನೂ ಇಳಿಸಬಹುದು. ಡಾಂಬರು ಸಿಕ್ಕ ತಕ್ಷಣ ಮತ್ತೆ ಕಂಪನಿ ಹೇಳಿದಷ್ಟು ತುಂಬಿ.

ನೆಗ್ಗಿದ ರಿಮ್ ಸುತ್ತ ಮೊದಲು ಬಿರುಕು ಹುಡುಕಿದೆವು. ಎರಕದ ಚಕ್ರ ಒಂದು ಮಿತಿವರೆಗೆ ನೆಗ್ಗುತ್ತದೆ, ಆಮೇಲೆ ಸೀಳುತ್ತದೆ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಚಕ್ರದ ಮೇಲೆ ಮುಂದೆ ಹೋಗಬಾರದು. ನಮ್ಮ ಪುಣ್ಯ, ಬಿರುಕು ಇರಲಿಲ್ಲ. ಕಲ್ಲಿನಿಂದ ಜಜ್ಜಿ ನೇರ ಮಾಡೋಣ ಅಂದ ಅವನು. ನಾನು ಬಿಡಲಿಲ್ಲ. ಹಾಗೆ ಜಜ್ಜಲು ಹೋಗಿ ನೆಗ್ಗನ್ನು ಬಿರುಕು ಮಾಡಿಕೊಳ್ಳುವ ಸಾಧ್ಯತೆ ಇದೆ.

ದಾರಿ ಉಳಿಸಿದ್ದು ನನ್ನ ಬ್ಯಾಗಿನಲ್ಲಿದ್ದ 21 ಇಂಚಿನ ಸ್ಪೇರ್ ಟ್ಯೂಬ್. ಅದನ್ನೇ ಅವನ 19 ಇಂಚಿನ ಟಯರಿನೊಳಗೆ ಮಡಿಕೆ ಬೀಳದ ಹಾಗೆ ಕೂರಿಸಿದೆವು. ಟ್ಯೂಬ್‌ಲೆಸ್ ರಿಮ್‌ನ ಬೀಡ್ ಬಿಡಿಸುವುದು ನನ್ನದಕ್ಕಿಂತ ಎಷ್ಟೋ ಕಷ್ಟ. ಬೀಡ್ ಜಾರದಿರಲಿ ಅಂತ ಆ ರಿಮ್‌ನಲ್ಲಿ ಒಂದು ಉಬ್ಬು ಇರುತ್ತದೆ, ಅದನ್ನು ದಾಟಿಸಬೇಕು. ಇನ್ನೊಂದು ತೊಡಕು ನಾವು ಯೋಚಿಸಿಯೇ ಇರಲಿಲ್ಲ. ಟ್ಯೂಬ್‌ಲೆಸ್ ರಿಮ್‌ನಲ್ಲಿ ವಾಲ್ವಿನ ತೂತು ದೊಡ್ಡದು, ಟ್ಯೂಬಿನ ವಾಲ್ವ್ ಸಣ್ಣದು. ಹಾಗೇ ಬಿಟ್ಟರೆ ಅಲ್ಲಾಡಿ ಬುಡದಲ್ಲಿ ಹರಿಯುತ್ತದೆ. ಸಾಮಾನು ಕಟ್ಟುವ ಸ್ಟ್ಯಾಂಡಿನ ಬೋಲ್ಟಿನಿಂದ ಎರಡು ವಾಷರ್ ಬಿಚ್ಚಿ ವಾಲ್ವಿಗೆ ಹಾಕಿದೆವು. ಮುಂದಿನ 90 ಕಿ.ಮೀ. 50ರ ವೇಗ ದಾಟದೆ ಊರು ಮುಟ್ಟಿದೆವು.

ಈ ಪ್ರವಾಸದಲ್ಲಿ ನನಗೆ ಹೊಸದಾಗಿ ಹೊಳೆದ ಸಂಗತಿ ಇಲ್ಲಿದೆ. ಸ್ಪೋಕ್ ಚಕ್ರದ ಗಟ್ಟಿತನ ಅಂತ ನಾವು ಹೊಗಳುವುದರಲ್ಲಿ ಅರ್ಧ ಟ್ಯೂಬಿನದು. ಕಡ್ಡಿಗಳೆಲ್ಲ ಬಿಗಿಯಾಗಿ ಎಳೆದು ಕಟ್ಟಿರುವುದರಿಂದ ಏಟು ಬಿದ್ದಾಗ ಚಕ್ರ ಸ್ವಲ್ಪ ಬಾಗಿ ಸಹಿಸುತ್ತದೆ. ಅದು ಸರಿ. ಆದರೆ ರಿಮ್‌ನ ತುಟಿ ನೆಗ್ಗಿದ ಮೇಲೂ ಗಾಡಿ ಮುಂದೆ ಹೋಗುವುದು ಒಳಗೆ ಟ್ಯೂಬ್ ಇರುವುದರಿಂದ. ಸ್ಪೋಕ್ ಇದ್ದು ಟ್ಯೂಬ್‌ಲೆಸ್ ಆದರೆ, ತುಟಿ ನೆಗ್ಗಿದ ದಿನ ನಿಮ್ಮ ಪಾಡು ನನ್ನ ಗೆಳೆಯನ ಪಾಡೇ. ಹಾಗೆಯೇ 21 ಇಂಚಿನ ಮುಂದಿನ ಚಕ್ರ ಕಲ್ಲುಗಳ ಮೇಲೆ ಸುಲಭವಾಗಿ ಹತ್ತಿ ಇಳಿಯುವುದು ಅದರ ಅಳತೆಯಿಂದ. ಆ ಅಳತೆ ಹೆಚ್ಚಾಗಿ ಸ್ಪೋಕ್‌ನಲ್ಲೇ ಬರುತ್ತದೆ, ಅದಕ್ಕೇ ಕೀರ್ತಿ ಸುಮ್ನೆ ಕಡ್ಡಿಗಳಿಗೆ ಹೋಗುತ್ತದೆ.

ಸ್ಪೋಕ್ ಚಕ್ರಕ್ಕೆ ಆರೈಕೆಯೂ ಬೇಕು. ತಗಡಿನ ಅಲೆಗಳಂತೆ ಉಬ್ಬುತಗ್ಗು ಇದ್ದ ಒಂದು ದಾರಿಯಲ್ಲಿ ಮೂರು ಗಂಟೆ ಓಡಿಸಿದ ಮೇಲೆ ಸಂಜೆ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿದೆ. ಬಿಗಿಯಾಗಿದ್ದರೆ ಟಿಣ್ ಅನ್ನುತ್ತದೆ, ಸಡಿಲವಾಗಿದ್ದರೆ ಟಪ್. ಹಿಂದಿನ ಚಕ್ರದಲ್ಲಿ ಮೂರು ಟಪ್ ಸಿಕ್ಕವು. ಕಡ್ಡಿಯ ತುದಿಯಲ್ಲಿ ಅದನ್ನು ಬಿಗಿಯುವ ಸಣ್ಣ ನಟ್, ಅದೇ ನಿಪ್ಪಲನ್ನು ಕಾಲು ಸುತ್ತು ತಿರುಗಿಸಿ, ಚಕ್ರ ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು. ಒಂದೇ ಕಡ್ಡಿಯನ್ನು ಪೂರ್ತಿ ಬಿಗಿದರೆ ರಿಮ್ ಆ ಕಡೆಗೆ ವಾಲುತ್ತದೆ. ಎಷ್ಟೋ ಗಾಡಿಗಳ ಕೈಪಿಡಿಯಲ್ಲಿ ರಿಮ್‌ನ ಓಲಾಟಕ್ಕೆ ಕೊಡುವ ಮಿತಿ 2 ಮಿ.ಮೀ. ಮಾತ್ರ. ಹೊಸ ಗಾಡಿಯಾದರೆ ಮೊದಲ ಸರ್ವೀಸಿನಲ್ಲಿ ಕಡ್ಡಿ ನೋಡಿಸಲೇಬೇಕು, ಮೊದಮೊದಲು ಅವು ಕೂತುಕೊಳ್ಳುತ್ತಾ ಸಡಿಲವಾಗುತ್ತವೆ. ನೀರು, ಕೆಸರು ದಾಟಿದ ಮೇಲೆ ತೊಳೆಯಿರಿ. ನಿಪ್ಪಲ್ ತುಕ್ಕು ಹಿಡಿದು ಕೂತರೆ ಬೇಕಾದಾಗ ತಿರುಗುವುದಿಲ್ಲ. ಟ್ಯೂಬಿನ ವಾಲ್ವ್ ವಾಲಿದೆಯಾ ಅಂತಲೂ ದಿನಾ ನೋಡಿ. ವಾಲಿದ್ದರೆ ಟಯರ್ ರಿಮ್ ಮೇಲೆ ಜಾರಿದೆ ಅಂತ ಅರ್ಥ, ಇನ್ನೊಂದು ದಿನ ಬಿಟ್ಟರೆ ವಾಲ್ವ್ ಕಿತ್ತು ಬರುತ್ತದೆ. ವಾಲ್ವಿನ ನಟ್ ಅನ್ನು ರಿಮ್‌ಗೆ ಬಿಗಿಯದೆ, ವಾಲ್ವ್ ಮುಚ್ಚಳದ ಕಡೆಗೆ ಸರಿಸಿಟ್ಟರೆ ಈ ವಾಲುವಿಕೆ ಬೇಗ ಕಣ್ಣಿಗೆ ಬೀಳುತ್ತದೆ.

ಎರಡೂ ಸಿಗಬಾರದಾ ಅಂದರೆ, ಸಿಗುತ್ತದೆ, ದುಡ್ಡು ಜಾಸ್ತಿ. ಬಿಎಂಡಬ್ಲ್ಯು 1987ರಲ್ಲೇ ಆರ್ 100 ಜಿಎಸ್‌ಗೆ ಕಡ್ಡಿಗಳನ್ನು ರಿಮ್‌ನ ಅಂಚಿಗೆ ಕಟ್ಟಿ ಟ್ಯೂಬ್‌ಲೆಸ್ ಮಾಡಿತ್ತು. ಗಾಳಿ ನಿಲ್ಲುವ ಜಾಗದಲ್ಲಿ ತೂತೇ ಇಲ್ಲ. ಹೋಂಡಾ ಆಫ್ರಿಕಾ ಟ್ವಿನ್‌ನ ಅಡ್ವೆಂಚರ್ ಸ್ಪೋರ್ಟ್ಸ್ 2020ರ ಮಾದರಿಯಿಂದ ಟ್ಯೂಬ್‌ಲೆಸ್ ಸ್ಪೋಕ್. ಟ್ರಯಂಫ್ ಟೈಗರ್ 900ರಲ್ಲಿ ಜಿಟಿ ತೊಗೊಂಡರೆ 19 ಇಂಚಿನ ಅಲಾಯ್, ರ‍್ಯಾಲಿ ಪ್ರೊ ತೊಗೊಂಡರೆ 21ರ ಟ್ಯೂಬ್‌ಲೆಸ್ ಸ್ಪೋಕ್. ಯಮಹಾ ಟೆನೆರೆ 700 ಬಂದಾಗ ಟ್ಯೂಬ್ ಸ್ಪೋಕ್‌ನಲ್ಲೇ ಬಂತು. ಇರುವ ಟ್ಯೂಬ್ ರಿಮ್‌ಗೇ ಒಳಗಿನಿಂದ ಟೇಪು, ಅಂಟು ಹಾಕಿ ಟ್ಯೂಬ್‌ಲೆಸ್ ಮಾಡುವವರೂ ಇದ್ದಾರೆ. ಆ ಕೆಲಸಕ್ಕೆ ಮುಂಚೆ ರಿಮ್ ಮೇಲೆ ಅಳತೆ ಬರೆದಿರುವ ಜಾಗ ನೋಡಿ. ಎಂಟಿ ಅಂತಿದ್ದರೆ ಟ್ಯೂಬ್‌ಲೆಸ್ ಟಯರಿಗೆ ಹೊಂದುವ ಆಕಾರ. ಡಬ್ಲ್ಯುಎಂ ಅಂತಿದ್ದರೆ ಬೀಡ್ ಹಿಡಿಯುವ ಉಬ್ಬು ಇಲ್ಲ, ಆ ಆಸೆ ಬಿಡಿ.

ಇದೇ ಥರದ ದಾರಿಗೆ ಹೊರಟವರು ನನ್ನನ್ನು ಕೇಳಿದರೆ, ಮೊದಲು ನಿಮ್ಮ ಕೈ ಎಷ್ಟು ಪಳಗಿದೆ ನೋಡಿಕೊಳ್ಳಿ ಅನ್ನುತ್ತೇನೆ. ಚಕ್ರ ಬಿಚ್ಚಿ ಗೊತ್ತಿಲ್ಲ, ದಾರಿ ಮುಕ್ಕಾಲು ಡಾಂಬರು ಅಂದರೆ ಅಲಾಯ್ ಟ್ಯೂಬ್‌ಲೆಸ್ ಸಾಕು, ಕಲ್ಲು ಕಂಡಲ್ಲಿ ನಿಧಾನ ಹೋಗಿ. ದಾರಿ ಪೂರ್ತಿ ಕಲ್ಲು, ರಿಪೇರಿಯವರು ಎರಡು ದಿನದ ದೂರ ಅಂದರೆ ಸ್ಪೋಕ್ ಮತ್ತು ಟ್ಯೂಬ್, ಆದರೆ ಮನೆಯಲ್ಲೇ ಎರಡು ಸಲ ಟ್ಯೂಬ್ ಬದಲಿಸಿ ಅಭ್ಯಾಸ ಮಾಡಿ. ಯಾವುದೇ ಇರಲಿ, ಮುಂದಿನ ಅಳತೆಯ ಒಂದು ಟ್ಯೂಬ್, ಮೂರು ಲಿವರ್, ಪಂಪು ಬ್ಯಾಗಿನಲ್ಲಿರಲಿ. ನನ್ನ ಮುಂದಿನ ಗಾಡಿ ಟ್ಯೂಬ್‌ಲೆಸ್ ಸ್ಪೋಕ್. ಆ ಎರಡು ಗಂಟೆಯ ಬಿಸಿಲು ಇನ್ನೂ ನೆನಪಿದೆ.

ಗೆಳೆಯ ಮಾತ್ರ ಅಲಾಯ್ ಬಿಟ್ಟಿಲ್ಲ. ನೆಗ್ಗಿದ್ದನ್ನು ತೆಗೆದು ಹೊಸ ಚಕ್ರ ಹಾಕಿಸಿದ್ದಾನೆ. ಅವನ ಬ್ಯಾಗಿನಲ್ಲಿ ಈಗ ಯಾವಾಗಲೂ ಒಂದು ಟ್ಯೂಬ್, ಎರಡು ವಾಷರ್ ಇರುತ್ತವೆ. ಟ್ಯೂಬ್ ನನ್ನದೇ, ಇನ್ನೂ ವಾಪಸ್ ಕೊಟ್ಟಿಲ್ಲ.