ಹುತ್ತರಿಯ ಐದು ವಾರ ಮತ್ತು 18,600 ಪೌಂಡ್

2025ರ ಏಪ್ರಿಲ್ 30ರ ರಾತ್ರಿ ಇಂಗ್ಲೆಂಡಿನಿಂದ ಮಗಳು ಕರೆ ಮಾಡಿ, "ಅಪ್ಪ, ಲೆಕ್ಕ ಸರಿ ಬರುತ್ತಿಲ್ಲ" ಎಂದಾಗ ನಾನು ಕೊಡಗಿನ ಗೋಣಿಕೊಪ್ಪದ ನಮ್ಮ ಮನೆಯಲ್ಲಿ ಕಾಫಿ ಮಾರಿದ ಹಣದ ಲೆಕ್ಕ ಬರೆಯುತ್ತಾ ಕುಳಿತಿದ್ದೆ. ಅವಳ ಗಂಡನ ವೀಸಾದ ಅವಧಿ ಮೇ 10ಕ್ಕೆ ಮುಗಿಯುವುದರಲ್ಲಿತ್ತು. ಅದನ್ನು ಮುಂದುವರಿಸುವ ಅರ್ಜಿಗೆ ಬೇಕಾದ ಕಾಗದಗಳೆಲ್ಲ ಸಿದ್ಧವಾಗಿವೆ, ಏಪ್ರಿಲ್ ತಿಂಗಳ ಪೇಸ್ಲಿಪ್ ಒಂದು ಬಂದರೆ ಸಾಕು ಎಂದು ಇಬ್ಬರೂ ನೆಮ್ಮದಿಯಲ್ಲಿದ್ದರು. ಬಂದ ಪೇಸ್ಲಿಪ್ಪೇ ನೆಮ್ಮದಿ ಕೆಡಿಸಿತು.

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಆದಾಯದ ಪುರಾವೆ ಎಂದರೇನು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಹಮ್ಮು ನನ್ನಲ್ಲಿತ್ತು. ಮುಂದಿನ ಹತ್ತು ದಿನಗಳಲ್ಲಿ ಅದು ಹೇಗೆ ಇಳಿಯಿತು ಎಂಬುದನ್ನು, ಮಕ್ಕಳನ್ನು ಆ ದೇಶಕ್ಕೆ ಕಳುಹಿಸಿರುವ ನಮ್ಮ ಕಡೆಯ ಇತರರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮಗಳು ನರ್ಸ್. ಅವಳಿಗೆ ಅಲ್ಲಿ ಕಾಯಂ ವಾಸದ ಅನುಮತಿ ಇದೆ. ಅಳಿಯ 2022ರ ಆಗಸ್ಟ್‌ನಲ್ಲಿ ಸಂಗಾತಿ ವೀಸಾದ ಮೇಲೆ ಹೋದವರು. ಹೊರದೇಶದಿಂದ ಅರ್ಜಿ ಹಾಕಿದವರಿಗೆ ಮೊದಲು 33 ತಿಂಗಳ ಅವಧಿ ಸಿಗುತ್ತದೆ, ಅದು ತೀರುವ ಮೊದಲೇ ಅಲ್ಲಿದ್ದುಕೊಂಡು ಇನ್ನೂ 30 ತಿಂಗಳಿಗೆ ಅರ್ಜಿ ಹಾಕಬೇಕು, ಐದು ವರ್ಷ ತುಂಬಿದ ಮೇಲೆ ಕಾಯಂ ವಾಸಕ್ಕೆ ಕೇಳಬಹುದು. ಪ್ರತಿ ಹಂತದಲ್ಲಿಯೂ ಆದಾಯವನ್ನು ಹೊಸದಾಗಿ ತೋರಿಸಬೇಕು. 2024ರ ಏಪ್ರಿಲ್ 11ರಿಂದ ಈ ಕನಿಷ್ಠ ಆದಾಯ ವರ್ಷಕ್ಕೆ 29,000 ಪೌಂಡ್‌ಗೆ ಏರಿದ್ದರೂ, ಅದಕ್ಕಿಂತ ಮೊದಲೇ ಮೊದಲ ಅರ್ಜಿ ಹಾಕಿ ಅದೇ ಸಂಗಾತಿಯೊಂದಿಗೆ ಮುಂದುವರಿಯುತ್ತಿರುವವರಿಗೆ 2012ರಿಂದ ಇದ್ದ 18,600 ಪೌಂಡ್‌ನ ಮಿತಿಯೇ ಅನ್ವಯಿಸುತ್ತದೆ. ಹಳೆಯ ನಿಯಮದಲ್ಲಿ ಮೊದಲ ಮಗುವಿಗೆಂದು ಹೆಚ್ಚುವರಿಯಾಗಿ 3,800 ಪೌಂಡ್ ತೋರಿಸಬೇಕಾಗಿತ್ತು. ಆದರೆ ತಾಯಿಗೆ ಕಾಯಂ ವಾಸದ ಅನುಮತಿ ಇದ್ದಾಗ ಅಲ್ಲಿಯೇ ಹುಟ್ಟಿದ ನನ್ನ ಮೊಮ್ಮಗಳು ಹುಟ್ಟಿನಿಂದಲೇ ಆ ದೇಶದ ಪ್ರಜೆಯಾದ್ದರಿಂದ ಆ ಮಾತೇ ಬರಲಿಲ್ಲ.

ಮಗು ಹುಟ್ಟಿದ ಮೇಲೆ ಮಗಳು ಪೂರ್ಣಾವಧಿಯ ಕೆಲಸ ಬಿಟ್ಟು, ವೃದ್ಧರ ಆರೈಕೆಯ ಒಂದು ಸಂಸ್ಥೆಯಲ್ಲಿ ಗಂಟೆಯ ಲೆಕ್ಕದ ಕೆಲಸಕ್ಕೆ ಸೇರಿದ್ದಳು. ಮಾರ್ಚ್ ತಿಂಗಳ ಪೇಸ್ಲಿಪ್‌ನಲ್ಲಿ ವರ್ಷದ ಒಟ್ಟು ಸಂಬಳ 20,100 ಪೌಂಡ್ ಎಂದಿತ್ತು. 18,600 ಬೇಕಾದಲ್ಲಿ 20,100 ಇದೆ, ಇನ್ನೇನು ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ಆದರೆ ಒಂದೇ ಕಡೆ ಆರು ತಿಂಗಳಿಗಿಂತ ಹೆಚ್ಚು ಕಾಲ ಗಂಟೆ ಲೆಕ್ಕದಲ್ಲಿ ದುಡಿಯುತ್ತಿರುವವರು ಈ ಆದಾಯವನ್ನು ತೋರಿಸುವಾಗ ನೋಡುವುದು ವರ್ಷದ ಮೊತ್ತವನ್ನಲ್ಲ, ಅರ್ಜಿಗೆ ಹಿಂದಿನ ಆರು ತಿಂಗಳಲ್ಲಿ ಬಂದ ಸಂಬಳದ ಸರಾಸರಿಯನ್ನು. ತೆರಿಗೆ ಕಳೆಯುವ ಮೊದಲಿನ ಆ ಸರಾಸರಿಯನ್ನು ಹನ್ನೆರಡರಿಂದ ಗುಣಿಸಿ ವಾರ್ಷಿಕ ಆದಾಯವೆಂದು ಪರಿಗಣಿಸುತ್ತಾರೆ. ಅಂದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕನಿಷ್ಠ 9,300 ಪೌಂಡ್ ಬಂದಿರಬೇಕು. ಬಂದದ್ದು 8,700.

ಕಡಿಮೆಯಾದದ್ದು ಎಲ್ಲಿ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಡಿಸೆಂಬರ್‌ನಲ್ಲಿ ಅವಳು ಮಗುವನ್ನು ಕರೆದುಕೊಂಡು ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಗೆಂದು ಬಂದು ಐದು ವಾರ ನಮ್ಮೊಂದಿಗಿದ್ದಳು. ಕದಿರು ತೆಗೆಯುವ ರಾತ್ರಿ ಮೊಮ್ಮಗಳು ಗದ್ದೆಯ ಅಂಚಿನಲ್ಲಿ ನಿದ್ದೆಗಣ್ಣಲ್ಲಿ ನಿಂತಿದ್ದ ಫೋಟೋ ಈಗಲೂ ನಮ್ಮ ನಡುಮನೆಯಲ್ಲಿದೆ. ಇನ್ನೊಂದು ವಾರ ಇದ್ದು ಹೋಗು, ಕಾಫಿ ಕೊಯ್ಲು ಶುರುವಾಗುತ್ತದೆ, ನೋಡಿಕೊಂಡೇ ಹೋಗು ಎಂದು ನಾಲ್ಕು ವಾರದ ರಜೆಯನ್ನು ಐದಕ್ಕೆ ಎಳೆದವನು ನಾನೇ. ಆ ಐದು ವಾರ ಅವಳಿಗೆ ಸಂಬಳ ಬರಲಿಲ್ಲ. ಫೆಬ್ರುವರಿಯಲ್ಲಿ ಮಗುವಿಗೆ ಜ್ವರ ಬಂದು ಮತ್ತೆರಡು ವಾರ ಹೋಯಿತು.

ವರ್ಷಕ್ಕೆ ಲೆಕ್ಕ ಹಾಕಿದರೆ ಕೊರತೆ 1,200 ಪೌಂಡ್, ನಮ್ಮ ಹಣದಲ್ಲಿ ಸುಮಾರು 1 ಲಕ್ಷ 35 ಸಾವಿರ ರೂಪಾಯಿ. ಹೆಚ್ಚು ಗಂಟೆ ದುಡಿದು ತುಂಬಿಸೋಣವೆಂದರೆ ಮುಂದಿನ ಸಂಬಳ ಬರುವುದು ಮೇ ಕೊನೆಗೆ, ವೀಸಾ ಮುಗಿಯುವುದು ಮೇ 10ಕ್ಕೆ. ನನಗೆ ಮೊದಲು ನಗು ಬಂತು. ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಕಾಲ ಅದು. 2024ರಲ್ಲಿಯೇ 50 ಕೆ.ಜಿ.ಯ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಚೀಲ 10,000 ರೂಪಾಯಿ ದಾಟಿತ್ತು. "ನಾಳೆಯೇ ಕಳುಹಿಸುತ್ತೇನೆ, ಅದಕ್ಕೇಕೆ ಅಳು?" ಎಂದೆ. ಮಗಳು ತಾಳ್ಮೆಯಿಂದ ವಿವರಿಸಿದಳು. ಉಳಿತಾಯದ ಹಣದಿಂದ ಕೊರತೆ ತುಂಬಿಸಬಹುದು, ಆದರೆ ಮೊದಲ 16,000 ಪೌಂಡ್ ಲೆಕ್ಕಕ್ಕೇ ಬರುವುದಿಲ್ಲ. ಅದರ ಮೇಲೆ ಕೊರತೆಯ ಎರಡೂವರೆ ಪಟ್ಟು ಇರಬೇಕು. 1,200ರ ಕೊರತೆಗೆ ಎರಡೂವರೆ ಪಟ್ಟು 3,000, ಅದಕ್ಕೆ 16,000 ಸೇರಿಸಿದರೆ 19,000 ಪೌಂಡ್. ಒಂದೂ ಕಾಲು ಲಕ್ಷ ಚಿಲ್ಲರೆಯ ಕೊರತೆ ತುಂಬಲು 21 ಲಕ್ಷಕ್ಕೂ ಮೇಲಿನ ಠೇವಣಿ! ಅದನ್ನೂ ಹೇಗಾದರೂ ಹೊಂದಿಸಬಹುದಿತ್ತು, ತಂದೆ ತಾಯಿ ಉಡುಗೊರೆಯಾಗಿ ಕೊಟ್ಟ ಹಣವೂ ನಡೆಯುತ್ತದೆ, ಸಾಲವಾಗಿರಬಾರದು ಅಷ್ಟೆ. ಆದರೆ ಆ ಹಣ ಗಂಡ ಹೆಂಡಿರ ಹೆಸರಿನಲ್ಲಿ, ಅವರದೇ ಹಿಡಿತದಲ್ಲಿ ಆರು ತಿಂಗಳು ಇದ್ದಿರಬೇಕು. ನಮ್ಮ ಕೈಯಲ್ಲಿದ್ದದ್ದು ಹತ್ತು ದಿನ.

ಆಗಲೂ ನಾನು ಸೋಲಲಿಲ್ಲ. ತಹಶೀಲ್ದಾರರ ಆದಾಯ ಪ್ರಮಾಣಪತ್ರ, ತೋಟದ ಆರ್‌ಟಿಸಿ, ನೋಟರಿ ಮುಂದೆ ಒಂದು ಅಫಿಡವಿಟ್, ಇಷ್ಟು ಕೊಟ್ಟರೆ ಯಾವ ಅಧಿಕಾರಿ ತಾನೆ ಒಪ್ಪುವುದಿಲ್ಲ ಎಂದು ವಾದಿಸಿದೆ. ಅದನ್ನು ಹೇಳುತ್ತಿರುವಾಗಲೇ ನನಗೆ ಅದರ ಪೊಳ್ಳು ತಿಳಿಯುತ್ತಿತ್ತು. ನಮ್ಮದು ಜಮ್ಮಾ ಜಮೀನು, ಎಂದರೆ ವಂಶಪಾರಂಪರ್ಯವಾಗಿ ಇಡೀ ಕುಟುಂಬಕ್ಕೆ ಬಂದದ್ದು, ಆರ್‌ಟಿಸಿಯಲ್ಲಿ ಒಕ್ಕದ (ಮನೆತನದ) ಹನ್ನೊಂದು ಹೆಸರುಗಳಿವೆ, ಅವರಲ್ಲಿ ನಾಲ್ವರು ತೀರಿಕೊಂಡಿದ್ದಾರೆ. ಕಾಫಿಯನ್ನು ಸಂಸ್ಕರಿಸದೆ ಮಾರುವುದರಿಂದ ಅದು ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ, ಹಾಗಾಗಿ ತೋರಿಸಲು ತೆರಿಗೆಯ ಕಾಗದವೂ ಇಲ್ಲ. ಸಾಲ ಕೇಳಿ ಬಂದ ಎಷ್ಟೋ ಬೆಳೆಗಾರರಿಗೆ ಇದೇ ಮಾತನ್ನು ನಾನು ಮೇಜಿನ ಆಚೆಯಿಂದ ಹೇಳಿ ಕಳುಹಿಸಿದ್ದೆ. ಹೇಗಿದ್ದರೂ ಇವೆಲ್ಲ ಬೇಕಾಗಲಿಲ್ಲ. ತಂದೆಯೋ ಅಣ್ಣನೋ ನೋಡಿಕೊಳ್ಳುತ್ತಾರೆ ಎಂಬ ಭರವಸೆಗೆ ಆ ನಿಯಮದಲ್ಲಿ ಸಾಮಾನ್ಯವಾಗಿ ಬೆಲೆಯಿಲ್ಲ.

ನನ್ನನ್ನು ನಿಜವಾಗಿ ನಾಚಿಸಿದ್ದು ಇದಾವುದೂ ಅಲ್ಲ. ಮರುದಿನ ಬೆಳಿಗ್ಗೆ ನಿಯಮಗಳನ್ನು ಓದುತ್ತಾ ಹೋದಾಗ ಬಾಡಿಗೆಯ ವಿಷಯ ಸಿಕ್ಕಿತು. ದಂಪತಿಗಳಲ್ಲಿ ಒಬ್ಬರ ಹೆಸರಿನಲ್ಲಿರುವ, ಅವರು ವಾಸವಿಲ್ಲದ ಮನೆ ಅಥವಾ ಅಂಗಡಿಯ ಬಾಡಿಗೆಯನ್ನು, ಅದು ಯಾವ ದೇಶದಲ್ಲಿದ್ದರೂ, ಆದಾಯಕ್ಕೆ ಸೇರಿಸಬಹುದು. ಒಡೆತನದ ಪತ್ರ, ಬಾಡಿಗೆ ಕರಾರು ಮತ್ತು ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಗೋಣಿಕೊಪ್ಪದ ಪೇಟೆಯಲ್ಲಿ ಮಗಳ ಹೆಸರಿನಲ್ಲಿ ಒಂದು ಅಂಗಡಿ ಮಳಿಗೆ ಇದೆ. ತಿಂಗಳಿಗೆ 14,000 ರೂಪಾಯಿ, ವರ್ಷಕ್ಕೆ 1 ಲಕ್ಷ 68 ಸಾವಿರ. ಕೊರತೆಯನ್ನು ತುಂಬಿ ಮಿಗುವಷ್ಟು. ಪತ್ರ ಅವಳದು, ಕರಾರು ಅವಳ ಹೆಸರಿನದು. ಆದರೆ ಬಾಡಿಗೆ ಏಳು ವರ್ಷಗಳಿಂದ ಜಮೆಯಾಗುತ್ತಿರುವುದು ನನ್ನ ಖಾತೆಗೆ. ಅವಳು ಊರಲ್ಲಿಲ್ಲ, ಕಂದಾಯ ಕಟ್ಟುವವನು ನಾನು, ಅನುಕೂಲವಾಗಲಿ ಎಂದು ನಾನೇ ಮಾಡಿದ ಏರ್ಪಾಡು. ಆ ಹಣದಲ್ಲಿ ಒಂದು ರೂಪಾಯಿಯನ್ನೂ ನಾನು ಮುಟ್ಟಿಲ್ಲ, ಪ್ರತ್ಯೇಕ ಪುಸ್ತಕದಲ್ಲಿ ಲೆಕ್ಕ ಇದೆ, ಆದರೆ ನಿಯಮ ಕೇಳುವುದು ಅವಳ ಅಥವಾ ಅವಳ ಗಂಡನ ಖಾತೆಯ ಸ್ಟೇಟ್‌ಮೆಂಟನ್ನು. ನಮ್ಮಲ್ಲಿ ಹಣ ವರ್ಷಕ್ಕೊಮ್ಮೆ ಕಣದಿಂದ ಬರುತ್ತದೆ, ಮನೆಯ ಹಿರಿಯರ ಕೈ ಸೇರುತ್ತದೆ, ಯಾರಿಗೆ ಯಾವುದು ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ಆ ಗೊತ್ತಿರುವುದನ್ನು ಕಾಗದಕ್ಕೆ ಇಳಿಸದೆ ಬಿಟ್ಟದ್ದು, ಅದೂ ಒಬ್ಬ ಬ್ಯಾಂಕಿನವನು ಬಿಟ್ಟದ್ದು, ಕ್ಷಮಿಸಬಹುದಾದ ತಪ್ಪಲ್ಲ.

ದಾರಿ ಕಂಡದ್ದು ಅಳಿಯನಿಗೆ. 2022ರಲ್ಲಿ ಅರ್ಜಿ ಹಾಕುವಾಗ ಅವರು ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದಲ್ಲಿದ್ದರೂ ಅದು ಲೆಕ್ಕಕ್ಕೆ ಬಂದಿರಲಿಲ್ಲ, ಹೊರದೇಶದಿಂದ ಅರ್ಜಿ ಹಾಕುವವರ ಸಂಬಳವನ್ನು ಅಲ್ಲಿನ ಅಧಿಕಾರಿಗಳು ಪರಿಗಣಿಸುವುದಿಲ್ಲ. ಆ ನೆನಪಿನಲ್ಲಿಯೇ ಇದ್ದ ಇಬ್ಬರೂ ಈ ಬಾರಿಯೂ ಮಗಳ ಸಂಬಳವನ್ನಷ್ಟೇ ಕೂಡಿಸಿ ಕಳೆಯುತ್ತಿದ್ದರು. ಆದರೆ ಕೆಲಸ ಮಾಡಲು ಅನುಮತಿ ಇರುವ ವೀಸಾದಲ್ಲಿ ಅಲ್ಲಿಯೇ ಇರುವವರು ಅರ್ಜಿ ಹಾಕುವಾಗ ಅವರ ಸಂಬಳವೂ ಸೇರುತ್ತದೆ. ವಾರವೆಲ್ಲ ಮಗುವನ್ನು ನೋಡಿಕೊಂಡು, ಶನಿವಾರ ಮಾತ್ರ ಒಂದು ಗೋದಾಮಿನಲ್ಲಿ ಎಂಟು ಗಂಟೆ ದುಡಿಯುತ್ತಿದ್ದ ಅಳಿಯ ಆ ಕೆಲಸದ ಬಗ್ಗೆ ನಮಗೆ ಹೇಳಲು ಸಂಕೋಚಪಟ್ಟುಕೊಂಡಿದ್ದರು. "ಮಾವ, ಅದು ಹೇಳಿಕೊಳ್ಳುವಂಥ ಕೆಲಸ ಅಂತ ನನಗೆ ಅನ್ನಿಸಿರಲಿಲ್ಲ" ಎಂದರು. ಆರು ತಿಂಗಳಲ್ಲಿ ಅದರಿಂದ ಬಂದಿದ್ದ ಸಂಬಳ 2,400 ಪೌಂಡ್. ಮಗಳ 8,700ಕ್ಕೆ ಸೇರಿದರೆ 11,100, ವರ್ಷಕ್ಕೆ 22,200.

ಆಮೇಲಿನದು ಕಾಗದದ ಓಟ. ಇಬ್ಬರ ಆರು ತಿಂಗಳ ಪೇಸ್ಲಿಪ್‌ಗಳು, ಪ್ರತಿ ಪೇಸ್ಲಿಪ್‌ನ ಕೈಗೆ ಬಂದ ಮೊತ್ತ ಅದೇ ರೀತಿ ಜಮೆಯಾದದ್ದನ್ನು ತೋರಿಸುವ ಸ್ಟೇಟ್‌ಮೆಂಟ್‌ಗಳು, ಕೆಲಸ ಕೊಟ್ಟವರ ಪತ್ರಗಳು. ಈ ಪತ್ರದಲ್ಲಿ ಕೆಲಸದ ಸ್ವರೂಪ, ಎಷ್ಟು ಕಾಲದಿಂದ ಇದ್ದಾರೆ, ಸಂಬಳ ಎಷ್ಟು, ಆ ಮಟ್ಟದ ಸಂಬಳ ಎಂದಿನಿಂದ ಎಂಬುದೆಲ್ಲ ಇರಬೇಕು. ಗೋದಾಮಿನವರು ಕೊಟ್ಟ ಮೊದಲ ಪತ್ರದಲ್ಲಿ "ಇವರು ನಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆ" ಎಂಬ ಒಂದೇ ಸಾಲು ಇತ್ತು, ಎರಡನೆಯದನ್ನು ಬರೆಸಿಕೊಳ್ಳಲು ನಾಲ್ಕು ದಿನ ಹಿಡಿಯಿತು. ಮೇ 7ರಂದು ಅರ್ಜಿ ಹೋಯಿತು. ಶುಲ್ಕ 1,321 ಪೌಂಡ್, ಆರೋಗ್ಯ ಸೇವೆಯ ಮೇಲ್ತೆರಿಗೆ ವರ್ಷಕ್ಕೆ 1,035ರಂತೆ ಎರಡೂವರೆ ವರ್ಷಕ್ಕೆ 2,587 ಪೌಂಡ್ 50 ಪೆನ್ಸ್, ಒಟ್ಟು ನಮ್ಮ 4 ಲಕ್ಷ 40 ಸಾವಿರ. ಇದಕ್ಕೆ ಮಾತ್ರ ನನ್ನ ಕಾಫಿಯ ಹಣ ಆಗುತ್ತದೆ ಎಂದಾಗ ಸ್ವಲ್ಪ ಸಮಾಧಾನವಾಯಿತು. ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರಿಂದ ತೀರ್ಮಾನ ಬರುವವರೆಗೆ ಹಳೆಯ ಹಕ್ಕುಗಳೇ ಮುಂದುವರಿದವು. ಆದರೆ ಅಷ್ಟರಲ್ಲಿ ದೇಶ ಬಿಟ್ಟರೆ ಅರ್ಜಿ ಹಿಂಪಡೆದಂತೆ. ಜೂನ್‌ನಲ್ಲಿ ಅಳಿಯನ ದೊಡ್ಡಪ್ಪ ಪೊನ್ನಂಪೇಟೆಯಲ್ಲಿ ತೀರಿಕೊಂಡಾಗ ಅವರು ಬರಲಾಗಲಿಲ್ಲ. ಜುಲೈ ಮೊದಲ ವಾರ ಒಪ್ಪಿಗೆ ಬಂತು.

ಆ ತಿಂಗಳೇ ಮಗಳ ಹೆಸರಿನ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದಲ್ಲಿನ ಆದಾಯಕ್ಕಾಗಿ ಇಡುವ ಖಾತೆ) ಬಾಡಿಗೆ ಜಮೆಯಾಗುವಂತೆ ಮಾಡಿದೆ. ಅನಿವಾಸಿಗೆ ಬಾಡಿಗೆ ಕೊಡುವವರು ಮೂಲದಲ್ಲಿಯೇ ಶೇ. 30ರ ತೆರಿಗೆಯನ್ನೂ ಅದರ ಮೇಲಿನ ಸೆಸ್ಸನ್ನೂ ಕಡಿತ ಮಾಡಿ ಕಟ್ಟಬೇಕು ಎಂಬುದನ್ನು ಮಳಿಗೆಯಲ್ಲಿರುವ ಬೇಕರಿಯವರಿಗೆ ಅರ್ಥ ಮಾಡಿಸಲು ಎರಡು ಸಂಜೆ ಬೇಕಾಯಿತು. ಇಷ್ಟು ವರ್ಷ ಇಲ್ಲದ್ದು ಈಗೇಕೆ ಸಾರ್ ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಮರ್ಯಾದೆಯ ಉತ್ತರವಿರಲಿಲ್ಲ.

ಕಳೆದ ವಾರ ಮಗಳು ಕರೆ ಮಾಡಿ ಈ ಸಲದ ಹುತ್ತರಿ ಯಾವಾಗ ಎಂದು ಕೇಳಿದಳು. ಮುಂದಿನ ಅರ್ಜಿ 2027ರಲ್ಲಿ, ಅದಕ್ಕೆ ಲೆಕ್ಕವಾಗುವ ಆರು ತಿಂಗಳು ಇನ್ನೂ ದೂರ ಇದೆ, ಈ ಬಾರಿ ಮೂವರೂ ಬಂದು ಐದು ವಾರ ಇದ್ದು ಹೋಗಿ ಎಂದೆ.