ನಾಡಿದ್ದು ಮನ್‌ಸ್ಟರ್ ಆಟ: ಗುಂಪಿನಲ್ಲಿ ಕೇಳಿದವರಿಗೆ ನನ್ನ ಉತ್ತರ

ನಾಡಿದ್ದು ಗುರುವಾರ, 2022ರ ನವೆಂಬರ್ 10ರ ರಾತ್ರಿ, ಐರ್ಲೆಂಡಿನ ನಮ್ಮ ಕಾರ್ಕ್ ಊರಿನ ಪಾರ್ಕ್ ಈ ಕ್ವೀವ್ ಕ್ರೀಡಾಂಗಣದಲ್ಲಿ ಮನ್‌ಸ್ಟರ್ ರಗ್ಬಿ ತಂಡಕ್ಕೂ ದಕ್ಷಿಣ ಆಫ್ರಿಕಾ 'ಎ' ತಂಡಕ್ಕೂ ಆಟ. ನಲವತ್ತು ಸಾವಿರಕ್ಕೂ ಹೆಚ್ಚು ಟಿಕೆಟ್ ಇದ್ದವು, ಒಂದೂ ಉಳಿದಿಲ್ಲ. ನನ್ನದೂ ನನ್ನ ಹೆಂಡತಿಯದೂ ಟಿಕೆಟ್ ಮೊದಲೇ ತೆಗೆದಿಟ್ಟಿದ್ದೇವೆ. ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದರು: "ಲೀಗ್ ಪಾಯಿಂಟ್ ಇಲ್ಲ, ಕಪ್ ಇಲ್ಲ, ಬರ್ತಿರೋದು ಅವರ ಎರಡನೇ ತಂಡ. ಇದಕ್ಕೆ ಯಾಕ್ರೀ ಇಷ್ಟೊಂದು ಗಲಾಟೆ?" ಎರಡು ಸಾಲಿನ ಉತ್ತರ ಬರೆದೆ, ಸಾಲದು ಅನ್ನಿಸಿತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತುಮಕೂರಿನ ಕಡೆ ನನ್ನ ವಯಸ್ಸಿನವರಿಗೆ ನೆನಪಿರಬಹುದು. ವಿದೇಶಿ ಕ್ರಿಕೆಟ್ ತಂಡ ಭಾರತಕ್ಕೆ ಬಂದರೆ ಟೆಸ್ಟ್‌ಗಳ ನಡುವೆ ದಕ್ಷಿಣ ವಲಯದಂಥ ತಂಡಗಳ ಜತೆ ಮೂರು ದಿನದ ಆಟ ಇರುತ್ತಿತ್ತು. ದೊಡ್ಡವರ ಎದುರು ನಮ್ಮ ಪಕ್ಕದೂರಿನ ಹುಡುಗ ನಿಂತು ಬೌಲ್ ಮಾಡುವುದನ್ನು ಆವತ್ತು ನೋಡಬಹುದಿತ್ತು. ರಗ್ಬಿಯಲ್ಲೂ ಅದೇ ಪದ್ಧತಿ. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ತಂಡಗಳು ತಿಂಗಳುಗಟ್ಟಲೆ ಪ್ರವಾಸಕ್ಕೆ ಬಂದು, ವಾರದ ನಡುವೆ ಊರೂರಿನ ತಂಡಗಳ ಜತೆ ಆಡುತ್ತಿದ್ದವು. 1995ರಲ್ಲಿ ಆಟ ವೃತ್ತಿಪರವಾದ ಮೇಲೆ ಪ್ರವಾಸಗಳು ಮೊಟಕಾದವು, ವಾರದ ನಡುವಿನ ಆಟಗಳು ಹೆಚ್ಚುಕಡಿಮೆ ಮಾಯವಾದವು. ಉಳಿದಿರುವ ಕೆಲವೇ ಜಾಗಗಳಲ್ಲಿ ಮನ್‌ಸ್ಟರ್ ಒಂದು. ಅದಕ್ಕೊಂದು ಕಾರಣವಿದೆ.

ಮನ್‌ಸ್ಟರ್ ಎಂದರೆ ಐರ್ಲೆಂಡಿನ ದಕ್ಷಿಣದ ಆರು ಕೌಂಟಿಗಳ ಪ್ರಾಂತ್ಯ. ರಗ್ಬಿಗೆ ಅದರ ಎರಡು ಮನೆ ಲಿಮೆರಿಕ್ ಮತ್ತು ಕಾರ್ಕ್. 1978ರ ಅಕ್ಟೋಬರ್ 31, ಮಂಗಳವಾರ, ಲಿಮೆರಿಕ್‌ನ ಥೋಮಂಡ್ ಪಾರ್ಕಿನಲ್ಲಿ ಈ ಪ್ರಾಂತ್ಯದ ತಂಡ ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ಅನ್ನು 12-0ಯಿಂದ ಸೋಲಿಸಿತು. ಆ ಪ್ರವಾಸದ 18 ಆಟಗಳಲ್ಲಿ ಅವರು ಸೋತದ್ದು ಅದೊಂದೇ. ಆಗಿನ ಯಾವ ಐರಿಷ್ ತಂಡವೂ, ರಾಷ್ಟ್ರೀಯ ತಂಡವೂ ಸೇರಿ, ಅವರನ್ನು ಸೋಲಿಸಿರಲಿಲ್ಲ. ಮನ್‌ಸ್ಟರ್‌ನ ಶೇಮಸ್ ಡೆನಿಸನ್ ಮೊದಲಲ್ಲೇ ಎದುರಾಳಿ ಸ್ಟೂ ವಿಲ್ಸನ್‌ಗೆ ಹೊಡೆದ ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವ ಪಟ್ಟು) ಬಗ್ಗೆ ಇಲ್ಲಿನವರು ಈಗಲೂ ಎದ್ದು ನಿಂತು ಅಭಿನಯಿಸಿ ತೋರಿಸುತ್ತಾರೆ. ಜಿಮ್ಮಿ ಬೋವೆನ್ ಸಾಲು ಸೀಳಿಕೊಂಡು ಓಡಿ ಒಳಕ್ಕೆ ಕೊಟ್ಟ ಚೆಂಡನ್ನು ಕ್ರಿಸ್ಟಿ ಕ್ಯಾಂಟಿಲನ್ ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿ ಟ್ರೈ ಮಾಡಿದರು. ಆಗ ಟ್ರೈಗೆ ನಾಲ್ಕೇ ಅಂಕ. ಉಳಿದ ಎಂಟು ಅಂಕ ಟೋನಿ ವಾರ್ಡ್ ಅವರ ಕಾಲಿನಿಂದ: ಟ್ರೈ ಆದ ಮೇಲೆ ಒದೆಯುವ ಕನ್ವರ್ಷನ್ ಒಂದು, ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಒದೆಯುವ ಡ್ರಾಪ್ ಗೋಲ್ ಎರಡು. ನಾಯಕ ಡೋನಲ್ ಕ್ಯಾನಿಫ್ ಅವರ ತಂದೆ ಕಾರ್ಕ್‌ನಲ್ಲಿ ರೇಡಿಯೋದಲ್ಲಿ ಅದೇ ಆಟ ಕೇಳುತ್ತಿದ್ದಾಗ ಕುಸಿದು ತೀರಿಕೊಂಡರು. ಗೆದ್ದ ಸಂಭ್ರಮದಲ್ಲಿದ್ದ ಮಗನಿಗೆ ಸುದ್ದಿ ತಿಳಿದದ್ದು ಆಟ ಮುಗಿದ ಮೇಲೆ. ಈ ಕಥೆಯನ್ನು ನನಗೆ ಹೇಳಿದ ನಮ್ಮ ಲ್ಯಾಬಿನ ಹಿರಿಯರು ಕಥೆಯ ಈ ಘಟ್ಟಕ್ಕೆ ಬಂದಾಗಲೆಲ್ಲ ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತಾರೆ.

ಆ ತಂಡದ ಕೋಚ್ ಟಾಮ್ ಕೀರ್ನನ್, ಕಾರ್ಕ್‌ನವರು. ಈ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ದಕ್ಷಿಣ ಆಫ್ರಿಕಾ ಬರುತ್ತಿರುವ ವಾರ ಅವರನ್ನು ನೆನೆಯಲು ಇನ್ನೊಂದು ಕಾರಣವೂ ಇದೆ. 1968ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ, ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ಲಯನ್ಸ್ ತಂಡಕ್ಕೆ ಅವರೇ ನಾಯಕರು. ನಾಲ್ಕು ಟೆಸ್ಟ್‌ಗಳಲ್ಲಿ ಲಯನ್ಸ್ ಗಳಿಸಿದ 38 ಅಂಕಗಳಲ್ಲಿ 35 ಅವರದ್ದೇ. ಸರಣಿ ಸೋತರು, ಆದರೆ ಆ ಲೆಕ್ಕ ನೋಡಿ!

ಕಾರ್ಕ್‌ಗೂ ಇಂಥ ತನ್ನದೇ ಪಟ್ಟಿ ಇದೆ, ಲಿಮೆರಿಕ್‌ನವರು ಅದನ್ನು ಒಂದಿಷ್ಟು ಮರೆಯುತ್ತಾರೆ. ಇಲ್ಲಿನ ಮಸ್‌ಗ್ರೇವ್ ಪಾರ್ಕಿನಲ್ಲಿ ಮನ್‌ಸ್ಟರ್ 1967, 1981, 1992 ಮೂರೂ ಸಲ ಆಸ್ಟ್ರೇಲಿಯಾವನ್ನು ಸೋಲಿಸಿತು. 1992ರಲ್ಲಂತೂ ಆಸ್ಟ್ರೇಲಿಯಾ ವಿಶ್ವಚಾಂಪಿಯನ್. 1973ರಲ್ಲಿ ಇದೇ ಊರಿನಲ್ಲಿ ಆಲ್ ಬ್ಲ್ಯಾಕ್ಸ್ ಜತೆ 3-3 ಸಮ. ಪ್ರವಾಸಕ್ಕೆ ಬಂದ ದಕ್ಷಿಣ ಆಫ್ರಿಕಾದ ಮುಖ್ಯ ತಂಡ ಸ್ಪ್ರಿಂಗ್‌ಬಾಕ್ಸ್ ಮೇಲೆ ಮಾತ್ರ ಮನ್‌ಸ್ಟರ್ ಇದುವರೆಗೆ ಗೆದ್ದಿಲ್ಲ. 1951, 1960, 1970 ಮೂರೂ ಸೋಲು. ನಾಡಿದ್ದು ಬರುವುದು 'ಎ' ತಂಡವೇ ಇರಬಹುದು, ಆದರೂ ಹಸಿರು ಅಂಗಿಯ ದಕ್ಷಿಣ ಆಫ್ರಿಕಾವನ್ನು ಮನ್‌ಸ್ಟರ್ ಸೋಲಿಸುವುದನ್ನು ನೋಡಲು ನನಗೆ ತುಂಬಾ ಆಸೆ.

1970ರ ಆ ಪ್ರವಾಸವನ್ನು ಇಲ್ಲಿನವರು ಬೇರೆ ಕಾರಣಕ್ಕೆ ನೆನೆಯುತ್ತಾರೆ. ಬಿಳಿಯರನ್ನು ಮಾತ್ರ ಆರಿಸಿದ್ದ ತಂಡ ಅದು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಅವರು ಹೋದ ಕಡೆಯೆಲ್ಲ ಪ್ರತಿಭಟನೆ ನಡೆಯಿತು. ನಾಲ್ಕು ವರ್ಷದ ಮೇಲೆ ಭಾರತದ ನಮ್ಮವರು ಟೆನಿಸ್ಸಿನ ಡೇವಿಸ್ ಕಪ್ ಫೈನಲ್‌ನಲ್ಲಿ ಅದೇ ದೇಶದ ಎದುರು ಆಡುವುದಿಲ್ಲ ಎಂದು ಕಪ್ಪನ್ನೇ ಬಿಟ್ಟುಕೊಟ್ಟರು. ನನ್ನ ಸಹೋದ್ಯೋಗಿಯೊಬ್ಬರು ಡರ್ಬನ್‌ನವರು. ಅವರ ಹಿರಿಯರು ಕಬ್ಬಿನ ತೋಟದ ಕೂಲಿಗೆಂದು ಮದರಾಸಿನಲ್ಲಿ ಹಡಗು ಹತ್ತಿದವರು. ಅವರ ತಂದೆ ಕ್ರೀಡಾಂಗಣದಲ್ಲಿ ಬಿಳಿಯರಲ್ಲದವರಿಗೆಂದು ಬೇಲಿ ಹಾಕಿದ ಮೂಲೆಯಲ್ಲಿ ನಿಂತು, ಬಂದ ತಂಡ ಯಾವುದೇ ಆದರೂ ಅದಕ್ಕೇ ಚಪ್ಪಾಳೆ ತಟ್ಟುತ್ತಿದ್ದರಂತೆ. ಮಗಳಾದ ನನ್ನ ಸಹೋದ್ಯೋಗಿಗೆ, ಕಪ್ಪು ಜನಾಂಗದ ಸಿಯಾ ಕೊಲಿಸಿ ನಾಯಕರಾದ ಸ್ಪ್ರಿಂಗ್‌ಬಾಕ್ಸ್ ಎಂದರೆ ಪ್ರಾಣ. ಗುರುವಾರ ಅವರು ಹಸಿರು ಅಂಗಿ ಹಾಕಿಕೊಂಡು ನಮ್ಮ ಪಕ್ಕದಲ್ಲೇ ಕೂರುತ್ತಾರೆ, ನಾವಿಬ್ಬರು ಮನ್‌ಸ್ಟರ್‌ನ ಕೆಂಪಿನಲ್ಲಿ. ಅವರ ತಂದೆಗೂ ಆವತ್ತು ಇಂಥ ಜಾಗ ಸಿಕ್ಕಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ನಾನು ಮನ್‌ಸ್ಟರ್ ಕಡೆ ವಾಲಿದ್ದು ಇಂಥದೇ ಒಂದು ಪ್ರವಾಸಿ ಆಟದಿಂದ. 2016ರ ಅಕ್ಟೋಬರ್ 16ರಂದು ತಂಡದ ಕೋಚ್ ಆಂಟನಿ ಫೋಲಿ, ಪ್ಯಾರಿಸ್ಸಿನಲ್ಲಿ ರೇಸಿಂಗ್ ಎಂಬ ತಂಡದ ವಿರುದ್ಧದ ಆಟಕ್ಕೆ ಹೋಗಿದ್ದಾಗ, ಹೋಟೆಲಿನಲ್ಲೇ ತೀರಿಕೊಂಡರು. ಆಟಗಾರರಾಗಿದ್ದಾಗ ಅವರು ಎಂಟನೇ ನಂಬರ್. ಮುಂದಿನ ಆಟದಲ್ಲಿ ಮನ್‌ಸ್ಟರ್ ಆ ನಂಬರನ್ನು ಯಾರಿಗೂ ಕೊಡಲಿಲ್ಲ, ಸಿ.ಜೆ. ಸ್ಟ್ಯಾಂಡರ್ 24 ಹಾಕಿಕೊಂಡು ಆಡಿದರು. ನವೆಂಬರ್ 11ಕ್ಕೆ ನ್ಯೂಜಿಲೆಂಡಿನ ಮೂಲನಿವಾಸಿಗಳ ತಂಡ ಮಾವೊರಿ ಆಲ್ ಬ್ಲ್ಯಾಕ್ಸ್ ಥೋಮಂಡ್ ಪಾರ್ಕಿಗೆ ಬಂದರು. ಊರಿಗೆ ಹೊಸಬನಾದ ನನ್ನನ್ನು ಲ್ಯಾಬಿನ ಆ ಹಿರಿಯರೇ ಕಾರಿನಲ್ಲಿ ಕರೆದುಕೊಂಡು ಹೋದರು. ಆಟ ಶುರುವಾಗುವ ಮೊದಲು ಮಾಡುವ ಯುದ್ಧನೃತ್ಯ ಹಾಕಾಕ್ಕೆ ಮುಂಚೆ ಮಾವೊರಿ ನಾಯಕ ಆ್ಯಶ್ ಡಿಕ್ಸನ್ ಮುಂದೆ ಬಂದು, ಫೋಲಿಯವರ ಹೆಸರಿನ ಮೊದಲಕ್ಷರಗಳಿದ್ದ ತಮ್ಮ ಕಪ್ಪು ಅಂಗಿಯನ್ನು ಅವರ ಮಕ್ಕಳಿಗೆ ಒಪ್ಪಿಸಿದರು. ಪ್ರಪಂಚದ ಆ ತುದಿಯಿಂದ ಬಂದ ಎದುರಾಳಿಗಳು ಈ ಊರಿನ ಸಾವಿಗೆ ತಮ್ಮ ರೀತಿಯಲ್ಲಿ ದುಃಖ ಹೇಳಿಕೊಂಡರು. ಆಮೇಲೆ ಎಂಬತ್ತು ನಿಮಿಷ ಯಾವ ದಾಕ್ಷಿಣ್ಯವೂ ಇಲ್ಲದ ಹೊಡೆದಾಟ. ಮನ್‌ಸ್ಟರ್ 27-14ರಿಂದ ಗೆದ್ದಿತು. ನನಗೆ ನಿಯಮ ಅರ್ಧವೂ ಗೊತ್ತಿರಲಿಲ್ಲ, ಆದರೂ ಆ ಸಂಜೆಯಿಂದ ಇದು ನನ್ನ ತಂಡ.

ಗೆಲ್ಲದಿದ್ದರೂ ಈ ಆಟಗಳ ತೂಕ ಕಡಿಮೆಯಾಗುವುದಿಲ್ಲ. 2008ರಲ್ಲಿ, ಹೊಸದಾಗಿ ಕಟ್ಟಿದ ಥೋಮಂಡ್ ಪಾರ್ಕಿನಲ್ಲಿ, ಮುಖ್ಯ ಆಟಗಾರರೆಲ್ಲ ಐರ್ಲೆಂಡ್ ತಂಡಕ್ಕೆ ಹೋಗಿದ್ದಾಗ ಮನ್‌ಸ್ಟರ್‌ನ ಉಳಿದವರು ಆಲ್ ಬ್ಲ್ಯಾಕ್ಸ್ ವಿರುದ್ಧ ಕೊನೆಯ ಐದು ನಿಮಿಷದವರೆಗೂ ಮುಂದಿದ್ದರು. ಜೋ ರೊಕೊಕೊಕೊ ಟ್ರೈ ಮಾಡಿ 18-16 ಆಯಿತು. ಆಟಕ್ಕೆ ಮುಂಚೆ ಮನ್‌ಸ್ಟರ್‌ನಲ್ಲಿದ್ದ ನಾಲ್ವರು ನ್ಯೂಜಿಲೆಂಡಿಗರು ಕೆಂಪು ಅಂಗಿಯಲ್ಲೇ ತಮ್ಮದೊಂದು ಹಾಕಾ ಮಾಡಿದ್ದರು. ಆ ವಿಡಿಯೋ ಸಿಗುತ್ತದೆ, ಖಂಡಿತ ನೋಡಿ.

ಈಗ ನಾಡಿದ್ದಿನ ಅಂಗಳದ ಮಾತು. ಪಾರ್ಕ್ ಈ ಕ್ವೀವ್ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನಿನದು, ಐರ್ಲೆಂಡಿನ ದೇಶಿ ಆಟಗಳಾದ ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್‌ನ ಮನೆ. 1971ರವರೆಗೆ ಆ ಸಂಸ್ಥೆಯ ಸದಸ್ಯರು ರಗ್ಬಿ ಆಡುವುದಿರಲಿ, ನೋಡಲು ಹೋಗುವುದೂ ನಿಷಿದ್ಧವಾಗಿತ್ತು. ಇಂಗ್ಲಿಷರ ಆಟ ಎಂಬ ಸಿಟ್ಟು. ಡಬ್ಲಿನ್‌ನ ಅದೇ ಸಂಸ್ಥೆಯ ಕ್ರೋಕ್ ಪಾರ್ಕಿನ ಬಾಗಿಲು ರಗ್ಬಿಗೆ ತೆರೆದದ್ದು 2007ರಲ್ಲಿ. ಕಾರ್ಕ್‌ನ ಈ ಅಂಗಳದಲ್ಲಿ ರಗ್ಬಿ ನಡೆಯುತ್ತಿರುವುದು ಇದೇ ಮೊದಲು. ಜೀವನವಿಡೀ ಹರ್ಲಿಂಗ್ ಬಿಟ್ಟು ಬೇರೆ ಏನನ್ನೂ ನೋಡದ ನಮ್ಮ ಪಕ್ಕದ ಮನೆಯವರು ಈ ಸಲ ಮೊಮ್ಮಗನ ಜತೆ ಬರುತ್ತಿದ್ದಾರೆ. ಅದನ್ನು ಕೇಳಿ ನನಗಾದ ಖುಷಿ ದೊಡ್ಡದು.

ಒಂದೇ ಅಳುಕು: ಗೇಲಿಕ್ ಅಂಗಳ ರಗ್ಬಿ ಅಂಗಳಕ್ಕಿಂತ ಬಹಳ ಉದ್ದ, ಬಹಳ ಅಗಲ. ಗೆರೆಗೂ ಮೊದಲ ಸಾಲಿನ ಕುರ್ಚಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಥೋಮಂಡ್‌ನಲ್ಲಿ ಜನರ ಉಸಿರು ಆಟಗಾರರ ಕುತ್ತಿಗೆಗೆ ತಾಗುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಇನ್ನೊಂದು, ಪೆನಾಲ್ಟಿ ಒದೆಯುವವನು ಎದುರು ತಂಡದವನಾದರೂ ಮನ್‌ಸ್ಟರ್ ಜನ ಪಿಸುಮಾತೂ ಆಡದೆ ಸುಮ್ಮನಿರುತ್ತಾರೆ. ಗುರುವಾರ ಬರುವ ನಲವತ್ತು ಸಾವಿರದಲ್ಲಿ ಹೊಸಬರು ಬಹಳ. ದಯವಿಟ್ಟು ಪಕ್ಕದವರನ್ನು ನೋಡಿ ಕಲಿಯಿರಿ, ಮಕ್ಕಳಿಗೂ ಹೇಳಿಕೊಡಿ.

ತಂಡದ ಸ್ಥಿತಿ ಚೆನ್ನಾಗಿಲ್ಲ. ಲೀಗಿನಲ್ಲಿ ಏಳು ಆಟ, ಎರಡೇ ಗೆಲುವು. ಹತ್ತು ದಿನದ ಹಿಂದೆ ಐರ್ಲೆಂಡಿನದೇ ಇನ್ನೊಂದು ಪ್ರಾಂತ್ಯ ಅಲ್‌ಸ್ಟರ್ ಎದುರು ಥೋಮಂಡ್‌ನಲ್ಲೇ ಒಂದು ಅಂಕದಿಂದ ಸೋತರು. ಗ್ರಹಾಂ ರೌನ್‌ಟ್ರೀ ಮುಖ್ಯ ಕೋಚ್ ಆಗಿ ಇದು ಮೊದಲ ಋತು. ದಾಳಿ ಕಲಿಸುವ ಮೈಕ್ ಪ್ರೆಂಡರ್ಗಾಸ್ಟ್ ಫ್ರಾನ್ಸಿನಿಂದ ತವರಿಗೆ ಮರಳಿದವರು, ರಕ್ಷಣೆ ನೋಡಿಕೊಳ್ಳುವ ಡೆನಿಸ್ ಲೇಮಿ ಹಳೆಯ ಮನ್‌ಸ್ಟರ್ ಹುಲಿ. ಹಿಂದಿನ ವರ್ಷಗಳಲ್ಲಿ ನಮ್ಮವರು ಚೆಂಡು ಮೇಲಕ್ಕೆ ಒದ್ದು ಕಾಯುತ್ತಿದ್ದರು. ಈಗ ಕೈಯಲ್ಲಿಟ್ಟುಕೊಂಡು, ಟ್ಯಾಕಲ್ ಬೀಳುವಾಗಲೇ ಪಕ್ಕದವನಿಗೆ ದಾಟಿಸಿ ಆಡಲು ಕಲಿಯುತ್ತಿದ್ದಾರೆ. ಕಲಿಕೆಯಲ್ಲಿ ಚೆಂಡು ಕೈಜಾರುತ್ತದೆ, ಅದಕ್ಕೇ ಈ ಸೋಲುಗಳು. ದಿಕ್ಕು ಸರಿಯಾಗಿದೆ ಎಂದೇ ನನ್ನ ನಂಬಿಕೆ. ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಬುಲ್ಸ್ ತಂಡವನ್ನು 31-17ರಿಂದ ಸೋಲಿಸಿದ ಆಟದಲ್ಲಿ ಅದು ಕಾಣಿಸಿತು.

ಪೀಟರ್ ಓಮಹೊನಿ, ಟೈಗ್ ಬರ್ನ್, ಜೋಯಿ ಕಾರ್ಬರಿ ಐರ್ಲೆಂಡ್ ಶಿಬಿರದಲ್ಲಿದ್ದಾರೆ. ಕಾನರ್ ಮರ‍್ರೆ ಕಳೆದ ಶನಿವಾರ ಐರ್ಲೆಂಡ್ ಪರ ತಮ್ಮ ನೂರನೇ ಟೆಸ್ಟ್‌ನಲ್ಲೇ ಗಾಯಗೊಂಡು ಹೊರಬಂದರು. ಅದೇ ಟೆಸ್ಟ್‌ನಲ್ಲಿ ಐರ್ಲೆಂಡ್ 19-16ರಿಂದ ಸ್ಪ್ರಿಂಗ್‌ಬಾಕ್ಸ್ ಅನ್ನು ಸೋಲಿಸಿತು. ಹಾಗಾಗಿ ಬರುತ್ತಿರುವವರಿಗೆ ತೀರಿಸಿಕೊಳ್ಳುವ ಲೆಕ್ಕವಿದೆ, ಮುಂದಿನ ವರ್ಷದ ವಿಶ್ವಕಪ್ ತಂಡದಲ್ಲಿ ಜಾಗ ಹಿಡಿಯುವ ಹಸಿವೂ ಇದೆ. ಅವರ ಕೋಚ್ ಮ್ಜ್ವಾಂಡಿಲೆ ಸ್ಟಿಕ್, ಏಳು ಜನರ ರಗ್ಬಿಯಲ್ಲಿ ದೇಶಕ್ಕೆ ವಿಶ್ವ ಸರಣಿ ಗೆದ್ದುಕೊಟ್ಟ ನಾಯಕ. ಅವರ ಮೇಲಿರುವ ರಾಸಿ ಎರಾಸ್ಮಸ್ ಮತ್ತು ಜಾಕ್ ನೀನಾಬರ್ ಇಬ್ಬರೂ ಒಂದು ಕಾಲಕ್ಕೆ ಮನ್‌ಸ್ಟರ್‌ನ ಕೋಚ್‌ಗಳೇ. ನಮ್ಮ ಮನೆಯ ಮೂಲೆ ಮೂಲೆ ಬಲ್ಲವರು.

ಅವರ ದಾರಿ ಗೊತ್ತಿರುವುದೇ. ಎರಡೂ ತಂಡದ ಎಂಟೆಂಟು ಜನ ಎದುರುಬದುರು ತಳ್ಳಾಡುವ ಸ್ಕ್ರಮ್‌ನಲ್ಲಿ ಒತ್ತಿ ಪೆನಾಲ್ಟಿ ಗಿಟ್ಟಿಸುವುದು, ಅದನ್ನು ಮೂಲೆಗೆ ಒದ್ದು, ಅಂಚಿನ ಗೆರೆಯಿಂದ ಚೆಂಡನ್ನು ಒಳಗೆಸೆಯುವ ಲೈನ್‌ಔಟ್ ಪಡೆಯುವುದು, ಅಲ್ಲಿಂದ ಎಂಟು ಜನ ಒಂದೇ ಮುದ್ದೆಯಾಗಿ ತಳ್ಳುವುದು. ಇದನ್ನು ಅವರ ಬಲದಲ್ಲೇ ತಡೆಯಲು ಹೋದರೆ ಅರುವತ್ತು ನಿಮಿಷದ ಹೊತ್ತಿಗೆ ನಮ್ಮವರ ಕಾಲು ಸೋಲುತ್ತದೆ. ಪೆನಾಲ್ಟಿ ಕೊಡದಿರುವುದೇ ಮೊದಲ ರಕ್ಷಣೆ. ಬಿದ್ದ ಚೆಂಡನ್ನು ಮೂರು ಸೆಕೆಂಡಿನೊಳಗೆ ಎತ್ತಿ ಆಡಿಸಿದರೆ ಆ ದೊಡ್ಡ ದೇಹಗಳು ಸಾಲು ಸರಿಪಡಿಸಿಕೊಳ್ಳುವ ಮೊದಲೇ ಅಂಚಿನಲ್ಲಿ ದಾರಿ ಸಿಗುತ್ತದೆ. ಆಟ ನಡೆಸುವ ಹತ್ತನೇ ನಂಬರಿನಲ್ಲಿ ಟಿಪ್ಪರರಿಯ ಬೆನ್ ಹೀಲಿ ಆಡಲಿ ಎನ್ನುವುದು ನನ್ನ ಆಸೆ. ಮಳೆಗಾಳಿಯಲ್ಲೂ ದೂರದಿಂದ ನೇರವಾಗಿ ಒದೆಯಬಲ್ಲ ಕಾಲು ಅವರದು.

ಡರ್ಬನ್‌ನವರ ಲೆಕ್ಕ ದಕ್ಷಿಣ ಆಫ್ರಿಕಾಕ್ಕೆ ಹತ್ತು ಅಂಕದ ಗೆಲುವು. ಲ್ಯಾಬಿನ ಹಿರಿಯರು ಲೆಕ್ಕ ಹೇಳುವುದೇ ಇಲ್ಲ. ನನ್ನದು ಮನ್‌ಸ್ಟರ್ 20, ದಕ್ಷಿಣ ಆಫ್ರಿಕಾ 17.

ರೌನ್‌ಟ್ರೀ ಅವರಲ್ಲಿ ಕೇಳಿಕೊಳ್ಳುವುದಿದ್ದರೆ ಒಂದೇ. ನಮ್ಮ ಕೋವ್ ಊರಿನ ಹುಡುಗ ಎಡ್ವಿನ್ ಎಡೊಗ್ಬೊ ಈ ಋತುವಿನಲ್ಲೇ ತಂಡಕ್ಕೆ ಕಾಲಿಟ್ಟ ಲಾಕ್, ಅಂದರೆ ಸ್ಕ್ರಮ್‌ನ ಎರಡನೇ ಸಾಲಿನಲ್ಲಿ ತಳ್ಳುವವನು. ನಾನು ಕೆಲಸ ಮಾಡುವ ರಿಂಗಸ್ಕಿಡ್ಡಿಯಿಂದ ನೋಡಿದರೆ ಬಂದರಿನ ಆಚೆ ದಡದಲ್ಲೇ ಕೋವ್. ನೈಜೀರಿಯಾದಿಂದ ಬಂದ ಮನೆಯ ಮಗ, ಕಾರ್ಕ್‌ನಲ್ಲಿ ಬೆಳೆದವನು. ಇಲ್ಲಿ ಶಾಲೆಗೆ ಹೋಗುತ್ತಿರುವ ನಮ್ಮ ಕನ್ನಡದ ಮಕ್ಕಳೂ ಗುರುವಾರ ಅಪ್ಪ ಅಮ್ಮನ ಜತೆ ಬರುತ್ತಿದ್ದಾರೆ. ಮೊದಲಿನಿಂದ ಆಡಿಸಲು ಆಗದಿದ್ದರೆ ಬೇಡ, ಅವರ ಸ್ಕ್ರಮ್ ಬಿಗಿಯಾಗುವ ಐವತ್ತನೇ ನಿಮಿಷಕ್ಕಾದರೂ ಅವನನ್ನು ಇಳಿಸಲಿ.