ಹೆಸರಷ್ಟೇ ಓದುವ ಚೀಟಿ

ನಮ್ಮ ಚರ್ಚಿನ ಭಾನುವಾರದ ಆರಾಧನೆಯಲ್ಲಿ, ಪ್ರಾರ್ಥನೆಗೆ ಅಂತ ಕಾಯಿಲೆ ಬಿದ್ದವರ ಹೆಸರು ಓದುವ ಕೆಲಸ ನನ್ನದು. ಸರ್ಕಾರಿ ಆಸ್ಪತ್ರೆಯಲ್ಲಿ 31 ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ರಿಟೈರ್ ಆದ ಮುಂದಿನ ವಾರವೇ ನಮ್ಮ ಪಾಸ್ಟರ್ ಅಯ್ಯನವರು ಕರೆದು, "ಸಿಸ್ಟರ್, ಕಾಯಿಲೆ ಹೆಸರೆಲ್ಲ ನಿಮಗೆ ಸರಿಯಾಗಿ ಓದೋಕೆ ಬರುತ್ತೆ. ಈ ಚೀಟಿ ಇನ್ಮೇಲೆ ನೀವೇ ನೋಡ್ಕೊಳ್ಳಿ" ಅಂದರು. ನನಗೂ ಖುಷಿಯೇ ಆಯಿತು. ಮೈಕು ಅಂದರೆ ಯಾರಿಗೆ ಬೇಡ?

ಓದುವಾಗ ವಾರ್ಡಿನ ಅಭ್ಯಾಸ ಬಿಡಲಿಲ್ಲ. ರಾತ್ರಿ ಡ್ಯೂಟಿಯವರು ಬೆಳಗಿನವರಿಗೆ ಒಪ್ಪಿಸುವ ಹಾಗೆ ಹೇಳುತ್ತಿದ್ದೆ. ಇಂಥವರು, ಇಂಥ ಕಾಯಿಲೆ, ಶುಗರ್ ಇಷ್ಟು, ಆಪರೇಷನ್ ಇಂಥ ದಿನ. ಎಲ್ಲರ ಕಣ್ಣೂ ಮುಚ್ಚಿರುತ್ತಿತ್ತು, ಕಿವಿ ಮಾತ್ರ ನೆಟ್ಟಗಿರುತ್ತಿತ್ತು. ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಅದೇ ಮಾತು. "ಅವರಿಗೆ ಅಷ್ಟು ಜಾಸ್ತಿ ಆಗಿದೆಯಾ?" ಅದನ್ನೂ ನಾನು ಕಾಳಜಿ ಅಂತಲೇ ತಿಳಿದಿದ್ದೆ.

ಹೋದ ವರ್ಷ ಮಾರ್ಚ್‌ನಲ್ಲಿ ಒಬ್ಬ ತಾಯಿ ಚಪ್ಪಲಿ ಬಿಡುವ ಜಾಗದಲ್ಲಿ ನನ್ನ ಕೈ ಹಿಡಿದುಕೊಂಡಳು. ಮಗ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಬಳ್ಳಾರಿಯಲ್ಲಿ ನಮ್ಮ ಸಭೆಯ ಎಷ್ಟೋ ಹುಡುಗರಿಗೆ ಅದೇ ಅನ್ನ. ಅವನ ಕುತ್ತಿಗೆಯ ಎಡಗಡೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. "ಸೂಜಿ ಹಾಕಿ ತೆಗೆದು ನೋಡಿದ್ರು ಸಿಸ್ಟರಮ್ಮ, ಟಿಬಿ ಅಂತ ಬಂತು. ಪ್ರಾರ್ಥನೆ ಮಾಡ್ರಿ" ಅಂದಳು. ದನಿ ಎಷ್ಟು ಸಣ್ಣದಿತ್ತು ಅಂದರೆ ನಾನು ಬಗ್ಗಿ ಕೇಳಬೇಕಾಯಿತು.

ಬಗ್ಗಿ ಕೇಳಿದ್ದನ್ನು ಒಳಗೆ ಹೋಗಿ ಮೈಕಿನಲ್ಲಿ ಹೇಳಿದೆ. ಹುಡುಗನ ಹೆಸರು, ತಾಯಿಯ ಹೆಸರು, ಟಿಬಿ.

ಅವತ್ತು ಕರ್ತನ ಭೋಜನದ ಭಾನುವಾರ. ಮುಂದೆ ಮೊಣಕಾಲೂರುವ ಸಾಲಿನಲ್ಲಿ ಆ ತಾಯಿಯ ಎರಡೂ ಪಕ್ಕ ಒಬ್ಬೊಬ್ಬರು ಕೂರುವಷ್ಟು ಜಾಗ ಖಾಲಿ ಬಿತ್ತು. ಇಬ್ಬರು ಎದ್ದು ಸಾಲಿನ ಆಚೆ ತುದಿಗೆ ಹೋದರು, ಎಲ್ಲರೂ ಕುಡಿಯುವ ದ್ರಾಕ್ಷಾರಸದ ಪಾತ್ರೆ ತಮಗೆ ಮೊದಲು ಸಿಗಲಿ ಅಂತ. ನಾನು ಕಣ್ಣಾರೆ ನೋಡಿದೆ. ಮಂಗಳವಾರದ ಹೊತ್ತಿಗೆ ಸುದ್ದಿ ಯೂನಿಟ್ಟಿನ ಮಾಲೀಕನಿಗೂ ಮುಟ್ಟಿತ್ತು. "ಪೂರ್ತಿ ಆರಾಮಾಗಿ ಬಾ" ಅಂತ ಮನೆಗೆ ಕಳಿಸಿದ. ಪೀಸಿನ ಲೆಕ್ಕದ ಕೂಲಿ ಅದು. ಹೊಲಿಯದಿದ್ದರೆ ಕಾಸಿಲ್ಲ.

ನನಗೆ ಹೊಟ್ಟೆ ಉರಿದದ್ದು ಇದಕ್ಕೆ. ಕುತ್ತಿಗೆ ಗಂಟಿನ ಟಿಬಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹರಡುವುದು ಶ್ವಾಸಕೋಶದ ಟಿಬಿ, ಅದೂ ಕೆಮ್ಮಿದಾಗ ಗಾಳಿಯಲ್ಲಿ. ತಟ್ಟೆ, ಲೋಟ, ಕೈ ಕುಲುಕುವುದು, ಇವು ಯಾವುದರಿಂದಲೂ ಬರುವುದಿಲ್ಲ. ಇದನ್ನೆಲ್ಲ ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಅವತ್ತು ಮಾತ್ರ ಎರಡೇ ಅಕ್ಷರ ಹೇಳಿ ಕೂತುಬಿಟ್ಟೆ.

ಅವರ ಮನೆಗೆ ಹೋದೆ. ಕೌಲ್ ಬಜಾರ್ ಕಡೆ ಒಂದೇ ಕೋಣೆಯ ಮನೆ. ಬಿಸಿಲಿಗೆ ತಗಡು ಕಾದಿತ್ತು. ಹುಡುಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ತಪ್ಪಾಯಿತಪ್ಪಾ ಅಂದೆ. "ಹೋಗ್ಲಿ ಬಿಡ್ರಿ ಸಿಸ್ಟರ್" ಅಂದ, ತಿರುಗಲಿಲ್ಲ. ತಾಯಿ ಏನೂ ಅನ್ನಲಿಲ್ಲ. ಚಹಾ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಪ್ರತಿ ಶುಕ್ರವಾರ ಹೋಗತೊಡಗಿದೆ. ಒಂದು ಡಜನ್ ಮೊಟ್ಟೆ, ಅರ್ಧ ಕೆಜಿ ಶೇಂಗಾ. ಪ್ರಾರ್ಥನೆ ಮಾಡಲಾ ಅಂತ ಕೇಳುವ ಧೈರ್ಯ ಬರಲಿಲ್ಲ, ಮಾತ್ರೆ ಹಾಳೆ ನೋಡಿ ಬರುತ್ತಿದ್ದೆ ಅಷ್ಟೆ. ಅವನ ತೂಕ 44 ಕೆಜಿ, ಆ ತೂಕಕ್ಕೆ ದಿನಕ್ಕೆ ಮೂರು ಮಾತ್ರೆ. ಮೊದಲ ವಾರವೇ ತಾಯಿ ನನಗೆ ಫೋನ್ ಮಾಡಿ ಅತ್ತಳು, ಮಗನಿಗೆ ರಕ್ತ ಹೋಗುತ್ತಿದೆ ಅಂತ. ರಕ್ತ ಅಲ್ಲ, ಮಾತ್ರೆಯಲ್ಲಿರುವ ರಿಫಾಂಪಿಸಿನ್ ಮೂತ್ರವನ್ನು ಕೇಸರಿ ಕೆಂಪು ಮಾಡುತ್ತದೆ. ಮೊದಲೇ ಹೇಳಿರಬೇಕಿತ್ತು. ಇಂಥ ಸಣ್ಣ ಹೆದರಿಕೆಗೇ ಎಷ್ಟೋ ಜನ ಮಾತ್ರೆ ಬಿಡುತ್ತಾರೆ. ಇನ್ನು ಕೆಲವರು ಎರಡು ತಿಂಗಳಿಗೆ ಗಂಟು ಇಳಿಯಿತು, ಹಸಿವಾಯಿತು ಅಂತ ಬಿಡುತ್ತಾರೆ. ಆರು ತಿಂಗಳು ಮುಗಿಸಲೇಬೇಕು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲಿನ ನಾಲ್ಕು ತಿಂಗಳು ಮೂರು ಸೇರಿದ್ದು. ಊಟಕ್ಕೆ ಅಂತ ಸರ್ಕಾರದಿಂದ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ, ಮೊದಲು 500 ಇತ್ತು. ಅದರ ಕಾಗದಪತ್ರಕ್ಕೆ ಬ್ಯಾಂಕಿಗೆ ಎರಡು ಸಲ ಓಡಾಡಿದೆ. ಹೊಲಿಯುವವನ ಕೂಲಿಗೆ ಅದು ಸಮ ಅಲ್ಲ, ಬಿಡಿ.

ಮೂರನೇ ತಿಂಗಳಲ್ಲಿ ಒಂದು ಶುಕ್ರವಾರ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗಿಂದ ಹುಡುಗನೇ ಕೂಗಿದ. "ಸಿಸ್ಟರ್, ಇವತ್ತು ಪ್ರಾರ್ಥನೆ ಮಾಡಿ ಹೋಗ್ರಿ."

ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯವನ್ನು ರೋಗಿಗಳ ಮನೆಗಳಲ್ಲಿ ಸಾವಿರ ಸಲ ಓದಿದ್ದೇನೆ. ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಲಿ ಅಂತ ಇದೆ ಅಲ್ಲಿ. ಕರೆಸುವವನು ಅವನು. ಹಿರಿಯರು ತಾವಾಗಿ ಡಂಗುರ ಹೊಡೆಯಲಿ ಅಂತ ಎಲ್ಲೂ ಇಲ್ಲ. ಅವತ್ತು ಮನೆಗೆ ಬಂದು ಮಾರ್ಕನ ಸುವಾರ್ತೆಯನ್ನೂ ತೆಗೆದೆ. ಯಾಯೀರ ಎಂಬುವನ ಹನ್ನೆರಡು ವರ್ಷದ, ಸತ್ತುಹೋಗಿದ್ದ ಮಗಳನ್ನು ಎಬ್ಬಿಸಿದ ಮೇಲೆ ಯೇಸು ಎರಡೇ ಮಾತು ಹೇಳುತ್ತಾನೆ. ಇದು ಯಾರಿಗೂ ಗೊತ್ತಾಗಬಾರದು, ಹುಡುಗಿಗೆ ಊಟಕ್ಕೆ ಕೊಡಿ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತದ್ದು ಇದೇ ಬಳ್ಳಾರಿಯಲ್ಲಿ. ಆಮೇಲೆ ಎಷ್ಟೋ ಕೈ ಅದನ್ನು ತಿದ್ದಿವೆ. ಇಷ್ಟು ವರ್ಷ ಇದ್ದ ಮಾತು ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಈಗ.

ಅಯ್ಯನವರ ಹತ್ತಿರ ಕೂತು ಮಾತಾಡಿದೆ. ಈಗ ಬಾಗಿಲ ಹತ್ತಿರ ಒಂದು ಡಬ್ಬಿ ಇದೆ, ಹಾರ್ಲಿಕ್ಸ್‌ನದು, ಮುಚ್ಚಳಕ್ಕೆ ಸೀಳು ಮಾಡಿದ್ದೇವೆ. ಚೀಟಿಯ ಮೇಲೆ ಅವರವರೇ ಬರೆಯಬೇಕು, ಗಟ್ಟಿಯಾಗಿ ಓದಬೇಕೋ ಬೇಡವೋ ಅಂತ. ಓದಿದರೂ ಹೆಸರಷ್ಟೇ. ಬರೆಯಲು ಬಾರದವರು ಬಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. ಸ್ತ್ರೀಯರ ಕೂಟದಲ್ಲಿ ಕೆಲವರಿಗೆ ಇದು ರುಚಿಸಲಿಲ್ಲ. "ಏನಂತ ಗೊತ್ತಿಲ್ಲದೆ ಹೆಂಗ ಪ್ರಾರ್ಥನೆ ಮಾಡೋದಕ್ಕ?" ಅಂತ ಒಬ್ಬರು. ಊಟ ಕಳಿಸೋಕೆ ಏನಂತ ಗೊತ್ತಿರಬೇಕಾ ಅಂದೆ. ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. ಆದರೂ ಈಗ ಊಟದ ಪಾಳಿ ನಡೆಯುತ್ತಿದೆ, ಯಾರ ಮನೆಗೆ ಯಾವ ದಿನ ರೊಟ್ಟಿ ಪಲ್ಯ ಅಂತ.

ಹುಡುಗನ ಕೋರ್ಸು ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಬೇರೆ ಯೂನಿಟ್ಟಿಗೆ ಸೇರಿದ್ದಾನೆ. ಸಭೆಗೆ ಇನ್ನೂ ಬಂದಿಲ್ಲ. ಕ್ರಿಸ್ಮಸ್ ದಿನ ಗೇಟಿನ ತನಕ ಬಂದು ತಾಯಿಯನ್ನು ಗಾಡಿಯಿಂದ ಇಳಿಸಿ ಹೋದ. ನನ್ನ ಕಡೆ ನೋಡಿ ತಲೆ ಆಡಿಸಿದ.

ಹೊಸ ಪದ್ಧತಿಗೆ ದೊಡ್ಡ ವಿರೋಧ ಅಂದರೆ ನಮ್ಮ ಮುಂದಿನ ಬೆಂಚಿನ ಅಜ್ಜಿಯದು. ಮೊಣಕಾಲು ನೋವು. ಹೋದ ಭಾನುವಾರ ಅವಳ ಹೆಸರಷ್ಟೇ ಓದಿ ಮುಂದಕ್ಕೆ ಹೋದೆ. ಆರಾಧನೆ ಮುಗಿದ ತಕ್ಷಣ ಕೋಲೂರಿಕೊಂಡು ನನ್ನ ಹತ್ತಿರ ಬಂದಳು.

"ಬರೀ ಹೆಸರು ಹೇಳಿದರೆ ಯಾವ ಮೊಣಕಾಲು ಅಂತ ದೇವರಿಗೆ ಹೆಂಗ ತಿಳೀಬೇಕವ್ವ? ಬಲಗಾಲು ಅಂತ ಹೇಳು. ರಾತ್ರಿ ಜಾಸ್ತಿ ಅಂತಾನೂ ಹೇಳು. ಸೊಸಿನೂ ಕೇಳಿಸಿಕೊಳ್ಳಲಿ."

ಮುಂದಿನ ವಾರಕ್ಕೆ ಅವಳ ಚೀಟಿ ಡಬ್ಬಿಯಲ್ಲಿ ಬಿದ್ದಿದೆ. ಮೊಮ್ಮಗಳ ಕೈಯಲ್ಲಿ ಬರೆಸಿದ್ದಾಳೆ, ಎರಡೂ ಬದಿ.